ಸೂಚ್ಯಂಕದ ಏರಿಳಿತ ಮತ್ತು ನಿವೃತ್ತರ ಗಂಟು

2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆಯುತ್ತಿದ್ದಾಗ ಮುಂಬೈ ಷೇರುಪೇಟೆಯ ಸಂವೇದಿ ಸೂಚ್ಯಂಕ 4,390 ಅಂಶಗಳಷ್ಟು ಕುಸಿಯಿತು. ಹಿಂದಿನ ದಿನವಷ್ಟೇ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಅದು 2,507 ಅಂಶ ಜಿಗಿದಿತ್ತು. ಅದೇ ವಾರದ ಶುಕ್ರವಾರದ ಹೊತ್ತಿಗೆ ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆಯಿತು. ಈ ಐದು ದಿನಗಳಲ್ಲಿ ದೇಶದ ಕಾರ್ಖಾನೆಗಳ ಉತ್ಪಾದನೆಯಾಗಲೀ ಕಂಪೆನಿಗಳ ಲಾಭವಾಗಲೀ ಗಮನಾರ್ಹವಾಗಿ ಬದಲಾಗಿರಲಿಲ್ಲ. ಬದಲಾದದ್ದು ನಿರೀಕ್ಷೆ. ಷೇರಿನ ಬೆಲೆ ಇಂದಿನ ಗಳಿಕೆಯನ್ನಲ್ಲ, ನಾಳಿನ ಗಳಿಕೆಯ ಬಗ್ಗೆ ಜನರಿಗಿರುವ ಊಹೆಯನ್ನು ಅಳೆಯುತ್ತದೆ.

ಸಾವಿರಗಟ್ಟಲೆ ಅಂಶಗಳ ಕುಸಿತವನ್ನು ವಾಹಿನಿಗಳು ‘ರಕ್ತಪಾತ’ ಎಂದು ಕರೆಯುತ್ತವೆ. ಆದರೆ ಲೆಕ್ಕ ಹಾಕಬೇಕಾದದ್ದು ಅಂಶಗಳನ್ನಲ್ಲ, ಶೇಕಡಾವಾರನ್ನು. 1978–79ರಲ್ಲಿ 100 ಎಂದು ಇಟ್ಟುಕೊಂಡು ಆರಂಭವಾದ ಸೂಚ್ಯಂಕವಿದು. ಅದು ಬೆಳೆದಂತೆಲ್ಲ ಅಂಶದ ಬೆಲೆ ತಗ್ಗುತ್ತದೆ. 2024ರ ಆ ಕುಸಿತ ಶೇ 5.7ರಷ್ಟು. 2008ರ ಜನವರಿ 21ರಂದು ಬಿದ್ದದ್ದು ಕೇವಲ 1,408 ಅಂಶ, ಆದರೆ ಅದು ಶೇ 7ಕ್ಕೂ ಹೆಚ್ಚು. 2004ರ ಮೇ 17ರಂದು 565 ಅಂಶ ಬಿದ್ದಾಗ ಶೇ 11ರಷ್ಟು ಸಂಪತ್ತು ಕರಗಿತ್ತು. ಕೋವಿಡ್ ಭೀತಿಯ 2020ರ ಮಾರ್ಚ್ 23ರ ಕುಸಿತ ಶೇ 13.

ಎಲ್ಲ ಏರಿಳಿತಕ್ಕೂ ದೇಶದೊಳಗೇ ಕಾರಣ ಹುಡುಕುವುದು ವ್ಯರ್ಥ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ಸುಮಾರು 94 ಸಾವಿರ ಕೋಟಿ ರೂಪಾಯಿಯಷ್ಟು ಷೇರುಗಳನ್ನು ಇಲ್ಲಿ ಮಾರಿದರು. ಚೀನಾ ಪ್ರಕಟಿಸಿದ ಉತ್ತೇಜಕ ಕ್ರಮಗಳೂ ಅದಕ್ಕೊಂದು ಕಾರಣ. ಅದೇ ತಿಂಗಳು ನಮ್ಮ ಜನ ಮ್ಯೂಚುವಲ್ ಫಂಡ್‌ಗಳಿಗೆ ಮಾಸಿಕ ಕಂತುಗಳ ಮೂಲಕ 25 ಸಾವಿರ ಕೋಟಿಗೂ ಹೆಚ್ಚು ಕಟ್ಟಿದರು. ಈ ಕಂತಿನ ಹಣ ಪೇಟೆಗೆ ದೊಡ್ಡ ಆಸರೆಯಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಸಂಬಳದಿಂದ ಬರುವ ಹಣ. ಉದ್ಯೋಗ ಕುಸಿದ ವರ್ಷದಲ್ಲಿಯೂ ಅದು ಹೀಗೆಯೇ ಹರಿಯುತ್ತದೆಂದು ಭಾವಿಸುವುದು ಅರ್ಥಶಾಸ್ತ್ರವಲ್ಲ.

ನನ್ನ ನಿವೃತ್ತ ಸಹೋದ್ಯೋಗಿಗಳು ಕೇಳುವುದು ಒಂದೇ ಪ್ರಶ್ನೆ: ‘ಈಗ ಕೊಳ್ಳಬಹುದೇ?’ ‘ಈ ಹಣ ನಿಮಗೆ ಯಾವಾಗ ಬೇಕು?’ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. 2008ರ ಜನವರಿಯಲ್ಲಿ ಸೂಚ್ಯಂಕ 21 ಸಾವಿರ ಮುಟ್ಟಿದಾಗ ಹತ್ತು ಲಕ್ಷ ರೂಪಾಯಿಯನ್ನು ಆ ಸೂಚ್ಯಂಕದ ಷೇರುಗಳಲ್ಲಿ ತೊಡಗಿಸಿದವರ ಗಂಟು 2009ರ ಮಾರ್ಚ್ ಆರಂಭದಲ್ಲಿ ನಾಲ್ಕು ಲಕ್ಷದ ಆಸುಪಾಸಿಗೆ ಇಳಿದಿತ್ತು. ಶೇ 60 ಕಳೆದುಕೊಂಡವರು ಅಸಲು ಮುಟ್ಟಲು ಶೇ 150 ಏರಿಕೆ ಬೇಕು. ಕಾಯಬಲ್ಲವರಿಗೆ 2010ರ ನವೆಂಬರ್‌ನಲ್ಲಿ ಅಸಲು ಕೈಸೇರಿತು, ನಡುವಣ ಬೆಲೆಯೇರಿಕೆಯ ನಷ್ಟ ಬೇರೆ. ಮಗಳ ಮದುವೆಗೋ ಹೃದಯದ ಶಸ್ತ್ರಚಿಕಿತ್ಸೆಗೋ 2009ರಲ್ಲೇ ಹಣ ಬೇಕಾದವರಿಗೆ ಆ ಚೇತರಿಕೆಯಿಂದ ಏನು ಪ್ರಯೋಜನ? ದೀರ್ಘಾವಧಿಯಲ್ಲಿ ಪೇಟೆ ಏರುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅರುವತ್ತೈದರ ವಯಸ್ಸಿನವರ ದೀರ್ಘಾವಧಿ ಎಷ್ಟು ದೀರ್ಘ?

ಇನ್ನು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟನ್ನು ಹೂಡಿಕೆ ಎನ್ನಲು ನನಗೆ ಮನಸ್ಸಿಲ್ಲ. 2024ರಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕಿಂತ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಇದರಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ದಲ್ಲಾಳಿ ಸಂಸ್ಥೆಗಳ ಸ್ವಂತ ವಹಿವಾಟು ಮತ್ತು ವಿದೇಶಿ ಹೂಡಿಕೆದಾರರು ಲಾಭ ಗಳಿಸಿದರು, ಅದೂ ಬಹುಪಾಲು ಗಣಕಯಂತ್ರಗಳೇ ನಡೆಸುವ ವಹಿವಾಟಿನಿಂದ. ಮೊಬೈಲ್ ಹಿಡಿದು ಬಸ್ಸಿನಲ್ಲಿ ಕುಳಿತ ಯುವಕನ ಎದುರಾಳಿ ಯಾರೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

ಪೇಟೆಯಿಂದ ದೂರವಿದ್ದೇವೆ ಎಂದುಕೊಂಡವರೂ ದೂರವಿಲ್ಲ. ನಾನು ಹಳೆಯ ಪಿಂಚಣಿ ಪದ್ಧತಿಯವನು. ಸೂಚ್ಯಂಕ ಬಿದ್ದರೆ ನನ್ನ ಪಿಂಚಣಿ ಬೀಳುವುದಿಲ್ಲ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರನ್ನು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಡಿಸಲಾಯಿತು. ಅದರ ನಿಧಿಯ ಒಂದು ಪಾಲು ಷೇರುಗಳಲ್ಲಿದೆ. ಎಷ್ಟು ಪಾಲು ಎಂದು ಕೇಳಿದರೆ ಉತ್ತರಿಸಬಲ್ಲ ಶಾಲಾ ಶಿಕ್ಷಕರು, ಗ್ರಾಮಲೆಕ್ಕಿಗರು ನನಗೆ ಸಿಕ್ಕಿರುವುದು ಅಪರೂಪ. ಸೇವಾ ನಿಯಮಗಳ ತರಬೇತಿಯಲ್ಲಿ ರಜೆ, ಭತ್ಯೆಗಳಿಗೆ ಕೊಡುವ ಸಮಯದಲ್ಲಿ ಒಂದು ಗಂಟೆಯನ್ನು ಇಲಾಖೆಗಳು ಇದಕ್ಕೂ ಮೀಸಲಿಡಬಾರದೇಕೆ?