ಖಾಲಿ ಸೂರ್ಯನ ಫೋಟೋ

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಇಯರ್ ಎಂಡಿಂಗ್, ಆಮೇಲೆ ಆಡಿಟ್... ಬ್ಯಾಂಕಿನವರ ಗೋಳು ನಿಮಗೆ ಗೊತ್ತೇ ಇದೆ. ಈ ಸಲ ಅದೆಲ್ಲ ಬಿಟ್ಟು ಆಕಾಶದ ಬಗ್ಗೆ ಬರೆಯೋಣ ಅಂತ ಕೂತೆ. ಕಡೆಗೆ ಸುತ್ತಿ ಸುತ್ತಿ ಬ್ಯಾಂಕಿಗೇ ಬಂದು ನಿಂತೆ, ಅದು ಬೇರೆ ಮಾತು.

ನನಗೆ ಈ ಹುಚ್ಚು ಹಿಡಿಸಿದ್ದು ಫ್ರಾನ್ಸಿನ ಹವ್ಯಾಸಿ ಛಾಯಾಗ್ರಾಹಕ ಥಿಯೆರಿ ಲೆಗೊ. 2006ರ ಸೆಪ್ಟೆಂಬರ್ 17ರಂದು ನಾರ್ಮಂಡಿಯಲ್ಲಿ ನಿಂತು ಅವರು ಒಂದು ಫೋಟೋ ತೆಗೆದರು. ದೊಡ್ಡ ಬಿಳಿ ಸೂರ್ಯ, ಅದರ ಮುಂದೆ ಎರಡು ಸಣ್ಣ ಕಪ್ಪು ಗುರುತು. ಒಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಇನ್ನೊಂದು ಆಗಷ್ಟೇ ಅದರಿಂದ ಬೇರೆಯಾಗಿದ್ದ ಅಟ್ಲಾಂಟಿಸ್ ನೌಕೆ. ಮೊದಲ ಸಲ ನೋಡಿದಾಗ ಕಂಪ್ಯೂಟರ್ ಪರದೆಯ ಮೇಲೆ ಧೂಳು ಕೂತಿದೆ ಅಂತ ಒರೆಸಲು ಹೋಗಿದ್ದೆ :-)

ಇದು ಎಷ್ಟು ಕಷ್ಟ ಅಂತ ಬಿ.ಕಾಂ. ಲೆಕ್ಕದಲ್ಲೇ ಹೇಳುತ್ತೇನೆ. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಓಡುವ ವೇಗ ಸೆಕೆಂಡಿಗೆ 7.5 ಕಿ.ಮೀ.ಗೂ ಹೆಚ್ಚು. ನಮ್ಮ ಕಣ್ಣಿಗೆ ಸೂರ್ಯನ ಅಗಲ ಅರ್ಧ ಡಿಗ್ರಿ, ಅಂದರೆ ನಿಲ್ದಾಣ ಇರುವ ಎತ್ತರದಲ್ಲಿ 4 ಕಿ.ಮೀ.ಗಿಂತ ಕಡಿಮೆ. ಭಾಗಿಸಿ ನೋಡಿ. ನೆತ್ತಿಯ ಮೇಲೆ ಹಾದುಹೋದರೆ ಸಿಗುವುದು ಅರ್ಧ ಸೆಕೆಂಡು, ಅಷ್ಟೇ! ಅದೂ ನೆಲದ ಮೇಲೆ ಕೆಲವೇ ಕಿ.ಮೀ. ಅಗಲದ ಪಟ್ಟಿಯೊಳಗೆ ನಿಂತವರಿಗೆ ಮಾತ್ರ.

2009ರ ಮೇ 13ರಂದು ಲೆಗೊ ಫ್ಲಾರಿಡಾದಲ್ಲಿ ನಿಂತು ಅಟ್ಲಾಂಟಿಸ್ ಮತ್ತು ಹಬಲ್ ದೂರದರ್ಶಕವನ್ನು ಒಟ್ಟಿಗೆ ಸೂರ್ಯನ ಮುಂದೆ ಹಿಡಿದರು. ಅವು ದಾಟಿದ್ದು 0.8 ಸೆಕೆಂಡಿನಲ್ಲಿ. ಹಬಲ್‌ನ ಉದ್ದ ಸುಮಾರು 13 ಮೀಟರ್, ಹೆಚ್ಚು ಕಡಿಮೆ ಒಂದು ದೊಡ್ಡ ಬಸ್ಸಿನಷ್ಟು. ಸುಮಾರು 600 ಕಿ.ಮೀ. ದೂರದ ಬಸ್ಸಿನ ನೆರಳುಚಿತ್ರ ಅನ್ನಿ! ಸೆಕೆಂಡಿಗೆ ನಾಲ್ಕರಂತೆ ಹದಿನಾರು ಫ್ರೇಮ್ ಹೊಡೆದರು. 0.8 ಸೆಕೆಂಡಿಗೆ ಮೂರೋ ನಾಲ್ಕೋ ಫ್ರೇಮ್ ಬಂತು, ಉಳಿದವು ಖಾಲಿ ಸೂರ್ಯ.

ಈಗ ನನ್ನ ಕಥೆ. ಕಳೆದ ಚಳಿಗಾಲದಲ್ಲಿ ಒಂದು ಜಾಲತಾಣದಲ್ಲಿ ಪುಣೆ ಅಂತ ಕೊಟ್ಟು ಹುಡುಕಿದೆ. ಒಂದು ಭಾನುವಾರ ಬೆಳಗ್ಗೆ ನಿಲ್ದಾಣ ಸೂರ್ಯನನ್ನು ದಾಟುತ್ತದೆ, ಪಟ್ಟಿ ನಮ್ಮ ಮನೆಯಿಂದ ಆರು ಕಿ.ಮೀ. ಆಚೆ ಅಂತ ಬಂತು. ಸಹೋದ್ಯೋಗಿಯೊಬ್ಬರ ಮನೆಯ ಟೆರೇಸ್ ಕೇಳಿ ಪಡೆದೆ. ಸಣ್ಣ ಟೆಲಿಸ್ಕೋಪು, ಕ್ಯಾಮೆರಾ, ಮುಂಭಾಗಕ್ಕೆ ಸೂರ್ಯನ ಫಿಲ್ಟರ್. (ಫಿಲ್ಟರ್ ಇಲ್ಲದೆ ಈ ಸಾಹಸ ಮಾಡಬೇಡಿ, ಕಣ್ಣು ಹೋಗುತ್ತದೆ. ಎಕ್ಸ್‌ರೇ ಫಿಲ್ಮು, ತಂಪು ಕನ್ನಡಕ ಯಾವುದೂ ನಡೆಯುವುದಿಲ್ಲ.) ಅಪ್ಪ ಕೊಟ್ಟ ಕೈಗಡಿಯಾರ ನೋಡಿಕೊಂಡು ನಾಲ್ಕು ಸೆಕೆಂಡು ಒಂದೇ ಸಮನೆ ಹೊಡೆದೆ. ಇಪ್ಪತ್ತು ಫ್ರೇಮ್. ಇಪ್ಪತ್ತರಲ್ಲೂ ಬರೀ ಸೂರ್ಯ. ಮನೆಗೆ ಬಂದು ಮೊಬೈಲಿನ ಜೊತೆ ಹೋಲಿಸಿದರೆ ಗಡಿಯಾರ ಐದು ಸೆಕೆಂಡು ಹಿಂದಿತ್ತು. ನಾನು ಬಟನ್ ಒತ್ತುವ ಹೊತ್ತಿಗೆ ಸವಾರಿ ಎತ್ತಲೋ ಹೊರಟುಹೋಗಿತ್ತು.

ಧಾರವಾಡದಿಂದ ಬಂದಿದ್ದ ನಮ್ಮಣ್ಣನ ಮಗ ನನ್ನ ಸಪ್ಪೆ ಮುಖ ನೋಡಿದ. "ಕಾಕಾ, ಐದು ನಿಮಿಷದ ಕೆಲಸ. ನಾ ಅಂಟಿಸಿ ಕೊಡ್ತೀನಿ. ಯಾರಿಗ್ ಗೊತ್ತಾಗ್ತದ?" ಅಂದ. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಆಸೆ ಆಯ್ತು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ "ಸೋಮವಾರ ತೋರಿಸುತ್ತೇನೆ" ಅಂತ ಮೊದಲೇ ಕೊಚ್ಚಿಕೊಂಡಿದ್ದೆ.

ಬೇಡ ಅಂದೆ. ಯಾಕೆ ಅಂತ ಆವತ್ತು ಅವನಿಗೆ ಸರಿಯಾಗಿ ಹೇಳಲು ಬರಲಿಲ್ಲ. ಈಗ ಹೇಳುತ್ತೇನೆ.

ನಿಲ್ದಾಣದ ಅಂದವಾದ ಚಿತ್ರ ಬೇಕಾದರೆ ನಾಸಾದವರು ಹತ್ತಿರದಿಂದ ತೆಗೆದದ್ದು ಬೇಕಾದಷ್ಟಿವೆ, ಬಿಟ್ಟಿ ಸಿಗುತ್ತವೆ. ನನ್ನ ಮಸುಕು ಚುಕ್ಕೆಗೆ ಇರುವ ಬೆಲೆ ಒಂದೇ: ಈ ಜಾಗದಲ್ಲಿ, ಈ ಸೆಕೆಂಡಿನಲ್ಲಿ ನಾನು ನಿಂತಿದ್ದೆ, ಅದು ಹಾದುಹೋಯಿತು ಅನ್ನುವುದು. ಅದೇ ಸುಳ್ಳಾದರೆ ಏನು ಉಳಿಯಿತು? ವೋಚರ್ ಇಲ್ಲದೆ ಲೆಡ್ಜರಿನಲ್ಲಿ ಎಂಟ್ರಿ ಬರೆದ ಹಾಗೆ. ಅಕ್ಷರ ಎಷ್ಟು ದುಂಡಗಿದ್ದರೇನು, ಅದು ಲೆಕ್ಕ ಅಲ್ಲ.

ಹಾಗಂತ ಕಂಪ್ಯೂಟರ್ ಮುಟ್ಟಲೇಬಾರದು ಅನ್ನುವ ಮಡಿವಂತಿಕೆ ನನ್ನದಲ್ಲ. 2017ರ ಆಗಸ್ಟ್ 21ರ ಗ್ರಹಣದ ದಿನ ಅಮೆರಿಕದ ವಯೋಮಿಂಗ್‌ನಲ್ಲಿ ನಾಸಾದ ಛಾಯಾಗ್ರಾಹಕರು ನಿಲ್ದಾಣ ಸೂರ್ಯನನ್ನು ದಾಟುವುದನ್ನು ಹಿಡಿದರು. ಆ ಚಿತ್ರದಲ್ಲಿ ನಿಲ್ದಾಣ ಇರುವೆ ಸಾಲಿನ ಹಾಗೆ ಏಳು ಸಲ ಕಾಣುತ್ತದೆ. ಏಳು ಫ್ರೇಮ್ ಜೋಡಿಸಿದ್ದು ಅಂತ ಅಡಿಬರಹದಲ್ಲೇ ಹಾಕಿದ್ದಾರೆ. ಜೋಡಿಸಿದ್ದು ತಪ್ಪಲ್ಲ, ಹೇಳದೆ ಜೋಡಿಸಿದರೆ ತಪ್ಪು. ಹೇಳಿದರೆ ಅಡ್ಜಸ್ಟ್‌ಮೆಂಟ್ ಎಂಟ್ರಿ, ಮುಚ್ಚಿಟ್ಟರೆ ಫ್ರಾಡ್. ನಮ್ಮ ಬ್ಯಾಂಕಿನಲ್ಲೂ ಅಷ್ಟೇ.

ನಾನೇನು ಹರಿಶ್ಚಂದ್ರನಲ್ಲ. 2025ರ ಜೂನ್-ಜುಲೈನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿದ್ದಾಗ ನಮ್ಮ ಧಾರವಾಡದ ಮೆಂತ್ಯ, ಹೆಸರುಕಾಳು ಮೊಳಕೆ ಪ್ರಯೋಗಕ್ಕೆ ಅಂತ ಅಲ್ಲಿಗೆ ಹೋಗಿದ್ದವು. ಆ ಹೆಮ್ಮೆಯಲ್ಲಿ "ನಮ್ಮವನು ಸೂರ್ಯನ ಮುಂದೆ" ಅನ್ನುವ ಚಿತ್ರವೊಂದನ್ನು ಹಿಂದೆ ಮುಂದೆ ನೋಡದೆ ಗುಂಪಿಗೆ ಕಳಿಸಿದ್ದೆ. ಸೂರ್ಯನ ಕಾಲು ಭಾಗದಷ್ಟು ದೊಡ್ಡ ನಿಲ್ದಾಣ! 109 ಮೀಟರಿನ ನಿಲ್ದಾಣ ತೀರಾ ಹತ್ತಿರ ಬಂದಾಗಲೂ ಸೂರ್ಯನ ಅಗಲದ ಸುಮಾರು ಮೂವತ್ತನೇ ಒಂದು ಪಾಲು. ಲೆಕ್ಕ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಯಂತ್ರ ಬರೆದ ಚಿತ್ರ ಅಂತ ಕಡೆಗೆ ಮಗಳು ಹೇಳಿದಳು. ಇಪ್ಪತ್ತೊಂಬತ್ತು ವರ್ಷ ಚೆಕ್ಕಿನ ಸಹಿ ಹೋಲಿಸಿ ನೋಡಿದ ಮನುಷ್ಯನಿಗೆ ಅದಕ್ಕಿಂತ ಅವಮಾನ ಬೇಕೇ?

ಅದಕ್ಕೇ ನನ್ನ ಮಾತು ಇಷ್ಟು. ಇಂಥ ಫೋಟೋ ತೆಗೆದವರು ಜಾಗ, ಹೊತ್ತು, ಶಟರ್ ವೇಗ, ಎಷ್ಟು ಫ್ರೇಮ್ ಅನ್ನುವುದನ್ನು ಜೊತೆಗೆ ಬರೆಯಲಿ. ನೋಡುವ ನಾವೂ ಅದನ್ನು ಕೇಳೋಣ. ಬರೆಯದಿದ್ದರೆ ವಾಹ್ ಅನ್ನುವ ಮೊದಲು ಸ್ವಲ್ಪ ತಡೆಯೋಣ. ಸಂಬಳವಿಲ್ಲದ ಹವ್ಯಾಸಿಗೆ ಇರುವ ಆಸ್ತಿ ಅವನ ಮಾತಿನ ಮೇಲಿನ ನಂಬಿಕೆ ಒಂದೇ.

ಅಟ್ಲಾಂಟಿಸ್ ಹಾರಾಟ 2011ರ ಜುಲೈಗೆ ಮುಗಿಯಿತು. ಲೆಗೊ ತೆಗೆದಂಥ ಫೋಟೋ ಇನ್ನು ಯಾರೂ ತೆಗೆಯಲಾರರು. ನಿಲ್ದಾಣವನ್ನೂ 2030ರ ನಂತರ ಕೆಳಗಿಳಿಸುವ ಯೋಜನೆ ಇದೆ. ನನ್ನ ರಿಟೈರ್‌ಮೆಂಟೂ ಹೆಚ್ಚು ಕಡಿಮೆ ಆಗಲೇ. ಅಷ್ಟರೊಳಗೆ ಇನ್ನೂ ಕೆಲವು ಭಾನುವಾರ ಸಿಗಬಹುದು.

ಅಂದ ಹಾಗೆ ಆ ಸೋಮವಾರ ಸಂಘದ ಗುಂಪಿಗೆ ಖಾಲಿ ಸೂರ್ಯನನ್ನೇ ಕಳಿಸಿದೆ. ಜಾಗ, ಹೊತ್ತು ಎಲ್ಲ ಬರೆದು, ಕೊನೆಗೆ "ಗಡಿಯಾರ ಐದು ಸೆಕೆಂಡು ಹಿಂದೆ" ಅಂತ ಸೇರಿಸಿದೆ. ಒಬ್ಬರು ನಕ್ಕರು. ಇನ್ನೊಬ್ಬರು "ಮುಂದಿನ ಸಲ ನಾನೂ ಬರ್ತೀನಿ, ಮೊಬೈಲ್ ಹಿಡಿದು ಸೆಕೆಂಡು ಎಣಿಸ್ತೀನಿ" ಅಂದರು.

ಏನಂತೀರಿ? ಅಂಟಿಸಿದ್ದರೆ ಆ ಜೊತೆಗಾರರು ಸಿಗುತ್ತಿದ್ದರೇ?