ಹುಟ್ಟು ಹಾಕಿದವರನ್ನೂ ಬರೆಯಿರಿ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೋನನ ಪುಸ್ತಕ ತೀರಾ ಚಿಕ್ಕದು. ನಾಲ್ಕೇ ಅಧ್ಯಾಯ, 48 ವಚನ. ಅದರಲ್ಲಿ ಮೀನಿನ ಮಾತು ಬರುವುದು ಮೂರೇ ವಚನಗಳಲ್ಲಿ. ಆದರೂ ಸಂಡೆ ಸ್ಕೂಲಿನ ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಯೋನನನ್ನು ಬರೆ ಎಂದರೆ ಹಾಳೆ ತುಂಬಾ ಮೀನೇ ಮೂಡುತ್ತದೆ. ಮಗುವಿನ ಮಾತು ಹಾಗಿರಲಿ, ರೆಂಬ್ರಾಂಟನಿಗೆ ಗುರುವಾಗಿದ್ದ ಡಚ್ ಕಲಾವಿದ ಪೀಟರ್ ಲಾಸ್ಟ್‌ಮನ್ 1621ರಲ್ಲಿ ಬರೆದದ್ದೂ ಮೀನಿನ ಬಾಯಿಂದ ಕೈಕಾಲು ಚೆಲ್ಲಿ ಹೊರಬೀಳುವ ಯೋನನನ್ನೇ. ಉಡುಪಿ, ಕಾಪು, ಕಾರ್ಕಳದ ಕಡೆಯ ಇಗರ್ಜಿಗಳು ಈ ಕಥೆಯನ್ನು ತಮ್ಮ ಗೋಡೆಗೆ ತರುವುದಾದರೆ ಮೀನನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಕಡಲನ್ನು ಬಲ್ಲ ಊರಿಗೆ ಹೇಳುವಂಥದ್ದು ಆ ಕಥೆಯಲ್ಲಿ ಬೇರೆಯೇ ಇದೆ.

ಕಥೆ ಇಷ್ಟು. ನಿನೆವೆ ಪಟ್ಟಣಕ್ಕೆ ಹೋಗಿ ಎಚ್ಚರಿಕೆ ಹೇಳು ಎಂದು ದೇವರು ಯೋನನಿಗೆ ಅಪ್ಪಣೆ ಕೊಡುತ್ತಾನೆ. ಶತ್ರುಗಳ ಊರು ಅದು. ಯೋನ ಒಲ್ಲೆನೆಂದು ಯೊಪ್ಪದಲ್ಲಿ ಹಡಗು ಹತ್ತಿ ವಿರುದ್ಧ ದಿಕ್ಕಿಗೆ ಓಡುತ್ತಾನೆ. ಬಿರುಗಾಳಿ ಏಳುತ್ತದೆ. ನಾವಿಕರು ತಂತಮ್ಮ ದೇವರಿಗೆ ಮೊರೆಯಿಡುತ್ತಾರೆ, ಸರಕನ್ನು ಕಡಲಿಗೆ ಎಸೆಯುತ್ತಾರೆ, ಚೀಟಿ ಹಾಕುತ್ತಾರೆ. ಚೀಟಿ ಯೋನನ ಹೆಸರಿಗೆ ಬೀಳುತ್ತದೆ. ನನ್ನನ್ನು ನೀರಿಗೆ ಹಾಕಿ, ಕಡಲು ಶಾಂತವಾಗುತ್ತದೆ ಎಂದು ಅವನೇ ಹೇಳುತ್ತಾನೆ. ಆಗ ನಾವಿಕರು ಮಾಡುವ ಕೆಲಸ ಬಹಳ ಮಂದಿಯ ನೆನಪಿನಲ್ಲಿಲ್ಲ. ಅವರು ಅವನನ್ನು ಕೂಡಲೇ ಎತ್ತಿ ಹಾಕುವುದಿಲ್ಲ. ಹೇಗಾದರೂ ದಡ ಮುಟ್ಟಿಸೋಣವೆಂದು ಜೀವ ಬಿಟ್ಟು ಹುಟ್ಟು ಹಾಕುತ್ತಾರೆ. ಅಪರಿಚಿತ, ಬೇರೆ ದೇವರನ್ನು ನಂಬಿದವನು, ತಮ್ಮ ಹಡಗಿಗೆ ಕುತ್ತು ತಂದವನು. ಅಂಥವನಿಗಾಗಿ ಅಷ್ಟು ಪಾಡು ಪಡುತ್ತಾರೆ. ಕಥೆಯಲ್ಲಿ ಕರುಣೆ ಶುರುವಾಗುವುದೇ ಇಲ್ಲಿ, ಮೀನಿನ ಸುಳಿವು ಕಾಣುವುದಕ್ಕೂ ಮೊದಲು.

ಕೊನೆಯಲ್ಲಿ ಆ ಕರುಣೆ ಮತ್ತೆ ಬರುತ್ತದೆ. ಕೊನೆಗೂ ನೀರಿಗೆ ಬಿದ್ದು, ಮೀನಿನ ಹೊಟ್ಟೆಯಲ್ಲಿ ಮೂರು ಹಗಲು ಮೂರು ರಾತ್ರಿ ಕಳೆದು ದಡ ಸೇರಿದ ಯೋನ ನಿನೆವೆಗೆ ಹೋಗಿ ಸಾರುತ್ತಾನೆ. ಊರಿಗೆ ಊರೇ ಪಶ್ಚಾತ್ತಾಪಪಡುತ್ತದೆ, ದೇವರು ಮನ್ನಿಸುತ್ತಾನೆ. ಯೋನನಿಗೆ ಸಿಟ್ಟು! ಊರಾಚೆ ಹೋಗಿ ಕೂರುತ್ತಾನೆ. ಅವನಿಗೆ ನೆರಳಾಗಲೆಂದು ದೇವರು ಒಂದು ಸೋರೆಗಿಡವನ್ನು ಬೆಳೆಸುತ್ತಾನೆ. ಮರುದಿನ ಹುಳು ಕೊರೆದು ಅದು ಬಾಡುತ್ತದೆ. ನೀನು ನೆಡದ, ಸಾಕದ ಒಂದು ಗಿಡಕ್ಕೆ ಇಷ್ಟು ಮರುಗುತ್ತೀಯಲ್ಲ, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದೇ ಎಂಬರ್ಥದ ಪ್ರಶ್ನೆ ಕೇಳುತ್ತಾನೆ ದೇವರು. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಯೋನನ ಉತ್ತರ ಇಲ್ಲ.

ಹಳೆಯ ಕಲಾವಿದರು ಈ ಬಳ್ಳಿಯನ್ನು ಮರೆತವರಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಮೂರನೇ ಶತಮಾನದ ಕ್ರೈಸ್ತರು ಬಿಡಿಸಿದ ಭಿತ್ತಿಚಿತ್ರಗಳಲ್ಲಿ ಬಳ್ಳಿಯ ಚಪ್ಪರದ ಕೆಳಗೆ ಕೈಯನ್ನು ತಲೆದಿಂಬಾಗಿಸಿಕೊಂಡು ಮಲಗಿದ ಯೋನ ಮತ್ತೆ ಮತ್ತೆ ಸಿಗುತ್ತಾನೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಮ್ಮಿನಲ್ಲಿ ಅದೇ ಶತಮಾನದ ಅಮೃತಶಿಲೆಯ ನಾಲ್ಕು ಚಿಕ್ಕ ಶಿಲ್ಪಗಳಿವೆ: ಮೀನು ನುಂಗುವುದು, ಉಗುಳುವುದು, ಯೋನನ ಪ್ರಾರ್ಥನೆ, ಬಳ್ಳಿಯ ನೆರಳಿನ ವಿಶ್ರಾಂತಿ. 1512ರಲ್ಲಿ ಮುಗಿದ ಸಿಸ್ಟೈನ್ ಚಾಪೆಲ್ಲಿನ ಚಾವಣಿಯಲ್ಲಿ ಮೈಕೆಲೆಂಜೆಲೊ ಯೋನನನ್ನು ಕೂರಿಸಿದ್ದು ಬಲಿಪೀಠದ ನೇರ ಮೇಲ್ಗಡೆ. ಅಲ್ಲಿ ಮೀನು ಅವನ ತೊಡೆಯ ಪಕ್ಕಕ್ಕೆ ಒತ್ತರಿಸಿಕೊಂಡಿದೆ. ನೋಡುವವರ ಕಡೆಗೆ ಬಾಗಿ ಬರುವ ಗೋಡೆಯ ಮೇಲೆ ಹಿಂದಕ್ಕೆ ವಾಲಿದ ದೇಹವನ್ನು ಬರೆದ ಆ ಕೈಚಳಕಕ್ಕೆ ಚಿತ್ರಕಾರರು ಇವತ್ತಿಗೂ ತಲೆದೂಗುತ್ತಾರೆ.

ಕಥೆ ಕ್ರೈಸ್ತರೊಬ್ಬರದ್ದೇ ಅಲ್ಲ. ಯೆಹೂದ್ಯರು ಯೋಮ್ ಕಿಪ್ಪೂರ್ ಪ್ರಾಯಶ್ಚಿತ್ತದ ದಿನ ಇದನ್ನು ಓದುತ್ತಾರೆ. ಕುರಾನಿನಲ್ಲಿ ಅವನು ಪ್ರವಾದಿ ಯೂನುಸ್. ಮೀನೂ ಉಂಟು, ಬಳ್ಳಿಯೂ ಉಂಟು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ 1400ರ ಸುಮಾರಿನ ಇರಾನಿನ ಚಿತ್ರವೊಂದಿದೆ. ಕೆರೆಮೀನಿನಂತೆ ಒಂದೊಂದು ಪೊರೆಯೂ ಎದ್ದು ಕಾಣುವ ದೊಡ್ಡ ಮೀನು, ಅದರಿಂದ ಬರಿಮೈಯಲ್ಲಿ ಹೊರಬರುತ್ತಿರುವ ಯೂನುಸ್, ರೆಕ್ಕೆ ಬಿಚ್ಚಿ ಹಾರಿ ಬಂದು ಉಡಲು ಬಟ್ಟೆ ಚಾಚುವ ದೇವದೂತ, ತಲೆಯ ಮೇಲೆ ಬಾಗಿದ ಸೋರೆಬಳ್ಳಿ. ನಾಲ್ಕು ಜನರೆದುರು ಕಥೆ ಹೇಳುವಾಗ ಹಿಡಿದು ತೋರಿಸಲು ಇಂಥ ದೊಡ್ಡ ಚಿತ್ರ ಬಳಕೆಯಾಗಿರಬಹುದೆಂದು ತಿಳಿದವರು ಊಹಿಸುತ್ತಾರೆ. ಹಾಗಿದ್ದರೆ ನಮ್ಮ ಬಯಲಾಟದ ಊರುಗಳಿಗೆ ಅದು ದೂರದ ಸಂಗತಿಯೇನಲ್ಲ.

ಕರಾವಳಿಗೆ ಬೈಬಲ್ ಚಿತ್ರಕಲೆಯ ದೊಡ್ಡ ಆಸ್ತಿ ಬಂದದ್ದು ಇಟಲಿಯಿಂದ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಚಾವಣಿಗಳನ್ನು ಜೆಸುಯಿಟ್ ಬ್ರದರ್ ಆಂಟೊನಿಯೊ ಮೊಸ್ಕೇನಿ 1899ರಿಂದ 1901ರೊಳಗೆ ತುಂಬಿಸಿಕೊಟ್ಟರು. ಗೋಡೆಗೆ ಹಸಿ ಗಾರೆಯ ಮೇಲಿನ ಬಣ್ಣ, ಚಾವಣಿಗೆ ಕ್ಯಾನ್ವಾಸಿನ ಮೇಲಿನ ತೈಲವರ್ಣ. ಒಬ್ಬ ಮನುಷ್ಯನ ದುಡಿಮೆ ಅದೆಂದು ನಂಬುವುದೇ ಕಷ್ಟ. ಮೊಸ್ಕೇನಿಯವರ ಕೆಲಸ ಪೂಜ್ಯವಾದದ್ದು. ಆದರೆ ನೂರಿಪ್ಪತ್ತು ವರ್ಷ ಕಳೆದ ಮೇಲೂ ಹೊಸ ಇಗರ್ಜಿಗಳಿಗೆ ಬರುವ ಪ್ರತಿಮೆ, ಬಣ್ಣದ ಗಾಜು, ಫೈಬರ್ ಉಬ್ಬುಚಿತ್ರಗಳು ಬಹುಪಾಲು ಯುರೋಪಿನ ಹಳೆಯ ಮಾದರಿಗಳ ನಕಲಾಗಿಯೇ ಉಳಿದರೆ, ಅದರಲ್ಲಿ ಮೊಸ್ಕೇನಿಯವರ ಶ್ರದ್ಧೆಯೂ ಇಲ್ಲ, ಊರಿನ ಕೈಯೂ ಇಲ್ಲ.

ಹುಟ್ಟು ಹಾಕಿದ ನಾವಿಕರ ವಿಷಯಕ್ಕೆ ಮರಳಬೇಕು. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಕೆಲಸ ನಿಲ್ಲಿಸಿ ಉಡುಪಿಯ ಹೆದ್ದಾರಿಗೆ ಇಳಿದರು. ನಮ್ಮವರನ್ನು ಹುಡುಕಿಕೊಡಿ ಎಂಬುದೊಂದೇ ಬೇಡಿಕೆ. ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಆ ಏಳು ಮಂದಿ ಮರಳಲಿಲ್ಲ. ಇಂಥ ಊರಿನಲ್ಲಿ ಕಡಲಿಗೆ ಬಿದ್ದವನು ಮೂರನೇ ದಿನ ದಡಕ್ಕೆ ಬಂದ ಕಥೆಯನ್ನು ಮಕ್ಕಳ ಪುಸ್ತಕದ ನಗುವ ತಿಮಿಂಗಿಲದೊಂದಿಗೆ ಬರೆಯುವುದು ಸಲ್ಲದು. ನೀರಿಗೆ ಬೀಳುವವನನ್ನು ಕೊನೆಯ ಗಳಿಗೆಯವರೆಗೂ ಬಿಟ್ಟುಕೊಡದವರ ಚಿತ್ರವಾದರೆ ಬೋಟು ನಡೆಸುವ ಮಲ್ಪೆಯ ತಾಂಡೇಲನೂ ಅದರ ಮುಂದೆ ನಿಂತು ನೋಡುತ್ತಾನೆ, ಅವನ ಧರ್ಮ ಯಾವುದೇ ಇರಲಿ. ಹುಟ್ಟು ಹಿಡಿದ ಕೈ, ಅಲೆಗೆ ಎದುರಾಗಿ ಮೂತಿ ಎತ್ತಿದ ದೋಣಿ ಹೇಗಿರುತ್ತವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲಾವಿದನೇ ಅವನನ್ನು ಕೇಳಿ ತಿದ್ದಿಕೊಳ್ಳಬೇಕು.

ಬರೆಯುವವರು ಕ್ರೈಸ್ತರೇ ಆಗಿರಬೇಕೆ? ಈ ನೆಲದಲ್ಲಿ ಆ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಬರೆದವರು ಮಂಜೇಶ್ವರದ ಗೋವಿಂದ ಪೈಗಳು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರವೇ ಇದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದ ರೆಂಜಾಳ ಗೋಪಾಲಕೃಷ್ಣ ಶೆಣೈ ಜೈನರಲ್ಲ. ಕಾರ್ಕಳದ 1432ರ ಗೊಮ್ಮಟನ ನೆರಳಿನಲ್ಲಿ ಉಳಿ ಹಿಡಿದ ಆ ಶಿಲ್ಪಿಗೆ ಇನ್ನೊಂದು ಧರ್ಮದ ವೈರಾಗ್ಯ ಅರ್ಥವಾಗದೆ ಹೋಗಲಿಲ್ಲ. ಕಾಪು ತಾಲ್ಲೂಕಿನ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಒಂದು ರೇಖೆಯಲ್ಲಿ ಕುಣಿಯುವ ದೇಹವನ್ನು ಹಿಡಿದು ನಿಲ್ಲಿಸಿದವರು. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಬಿರುಗಾಳಿಗೆ ಸಿಕ್ಕ ಹಡಗಿನ ಮೇಲೆ ಬಾಗಿ ಏಳುವ ದೇಹಗಳಿಗೆ ಬೇಕಾದದ್ದು ಅಂಥ ರೇಖೆಯೇ. ಕಾವ್ಯಕ್ಕೂ ಕಲ್ಲಿಗೂ ಸಾಧ್ಯವಾದದ್ದು ಇಗರ್ಜಿಯ ಗೋಡೆಗೆ ಯಾಕೆ ಆಗಬಾರದು?

ಭಕ್ತರಿಗೆ ಒಗ್ಗುತ್ತದೆಯೇ ಎಂಬ ಅಳುಕು ಸಹಜ. ಗೋವಾದ ಆಂಜೆಲೊ ಡ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಮ್ಮನಿಗೆ ಸೀರೆ ಉಡಿಸಿ ಬರೆದಾಗ ಊರವರೇ ಮುನಿದರು, ಅವರು ಪುಣೆಯ ಆಶ್ರಮ ಸೇರಬೇಕಾಯಿತು. 1967ರಲ್ಲಿ ಅವರು ತೀರಿಕೊಂಡರು. ಅದಕ್ಕೂ ನಾಲ್ಕು ವರ್ಷ ಮೊದಲೇ, 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಯಾವುದೇ ಒಂದು ಕಲಾಶೈಲಿಯನ್ನು ಧರ್ಮಸಭೆ ತನ್ನದೆಂದು ಹಿಡಿದುಕೊಂಡಿಲ್ಲ, ಎಲ್ಲ ಜನಾಂಗ, ಎಲ್ಲ ನಾಡುಗಳ ಕಲೆಗೂ ಅವಕಾಶವಿದೆ ಎಂದು ಬರಹದಲ್ಲೇ ಕೊಟ್ಟಿತ್ತು. ಫೊನ್ಸೆಕಾರ ಚಿತ್ರಗಳನ್ನು ಇಂದು ಗೋವಾದ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರ ಕಾಪಾಡುತ್ತಿದೆ. ಕಲಾವಿದ ಬದುಕಿರುವಾಗಲೇ ಗೋಡೆ ಕೊಡುವುದು ಇದಕ್ಕಿಂತ ಎಷ್ಟೋ ಮೇಲು.

ಮಾಧ್ಯಮವನ್ನೂ ಹೊರಗಿನಿಂದ ತರಬೇಕಾಗಿಲ್ಲ. ಕೊಂಕಣ ಕರಾವಳಿಯ ದೇವಸ್ಥಾನ, ಮನೆಗಳ ಗೋಡೆಯಲ್ಲಿ ಅಳಿದುಳಿದಿರುವ ಕಾವಿ ಕಲೆ ಇದೆ. ಸುಣ್ಣ, ಮರಳು, ಬೆಲ್ಲ ಸೇರಿಸಿ ಕೊಳೆಹಾಕಿ ಹದಮಾಡಿದ ಬಿಳಿ ಗಾರೆಯನ್ನು ಗೋಡೆಗೆ ಮೆತ್ತಬೇಕು; ಅದರ ಮೇಲೆ ಕೆಂಪು ಮಣ್ಣಿನ ಬಣ್ಣದ ಪದರ. ಅದು ಹಸಿಯಿರುವಾಗಲೇ ಮೊನಚು ಸಲಕರಣೆಯಿಂದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಎದ್ದು ಬಂದು ಚಿತ್ರವಾಗುತ್ತದೆ. ಎರಡೇ ಬಣ್ಣ. ಅಲೆಯ ನೊರೆಗೆ, ಬಲೆಯ ಕಣ್ಣಿಗೆ, ಸೋರೆಬಳ್ಳಿಯ ನುಲಿಗೆ ಇದಕ್ಕಿಂತ ಒಪ್ಪುವ ವಿಧಾನ ಸಿಗುವುದು ಕಷ್ಟ. ಈ ಕಲೆಯ ಅಧ್ಯಯನಕ್ಕೂ ಮರುಜೀವಕ್ಕೂ ದುಡಿಯುತ್ತಿರುವ ಜನಾರ್ದನ ಹಾವಂಜೆಯವರು ಉಡುಪಿಯವರೇ. ಚಿತ್ರಕಲಾ ಮಂದಿರದಂಥ ಶಾಲೆಯೂ ಇಲ್ಲಿದೆ. ಮಲ್ಪೆ, ಕಾಪು ಕಡಲತೀರದ ಮರಳಶಿಲ್ಪ ಮರುದಿನಕ್ಕೆ ಉಳಿಯುವುದಿಲ್ಲ, ಆದರೆ ಗೋಡೆಗೆ ಕೈಹಾಕುವ ಮೊದಲು ಜನರ ಮುಂದೆ ಒಮ್ಮೆ ಕಥೆಯನ್ನು ಬಿಡಿಸಿ ನೋಡಲು ಅದೂ ಒಳ್ಳೆಯ ದಾರಿ.

ಜಾಗದ ವಿಷಯದಲ್ಲಿ ಮೊದಲು ನೆನಪಾಗುವುದು ಕಾರ್ಕಳದ ಅತ್ತೂರು. 2016ರಲ್ಲಿ ಬಸಿಲಿಕಾ ಪದವಿ ಪಡೆದ ಸಂತ ಲಾರೆನ್ಸರ ಆ ಪುಣ್ಯಕ್ಷೇತ್ರದಲ್ಲಿ ಜನವರಿಯ ಜಾತ್ರೆಗೆ ಮೊಂಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ತಂತಮ್ಮ ದೇವರನ್ನು ಕರೆಯುತ್ತಲೇ ಒಂದೇ ಹುಟ್ಟಿಗೆ ಕೈ ಜೋಡಿಸಿದ ನಾವಿಕರ ಚಿತ್ರ ಆ ಸಾಲಿನ ಜನರ ಕಣ್ಣಿಗೆ ಬೀಳಬೇಕು. ಮಂಟಪವೋ, ಆವರಣದ ಒಳಗೋಡೆಯೋ, ಮಳೆಯ ಹೊಡೆತ ತಾಗದ ಕಡೆ ಆದರೆ ಸಾಕು. ಕಾವಿ ಕೆಲಸಕ್ಕೆ ಸಿಮೆಂಟಿನ ಮೇಲೆ ಬಣ್ಣ ಬಳಿದು ಮುಗಿಸಿದ ಗೋಡೆ ಸಲ್ಲದು, ಹಸಿ ಸುಣ್ಣದ ಗಾರೆಯೇ ಬೇಕು. ಹಾಗಾಗಿ ಹೊಸ ಕಟ್ಟಡಕ್ಕೋ ಜೀರ್ಣೋದ್ಧಾರಕ್ಕೋ ಕೈಹಾಕಿರುವ ಕರಾವಳಿಯ ಚರ್ಚ್ ಪಾಲನಾ ಮಂಡಳಿಗಳು ಕಲಾವಿದರನ್ನು ಕರೆದು ಮಾತಾಡಬೇಕಾದದ್ದು ಉದ್ಘಾಟನೆಯ ತಿಂಗಳಿನಲ್ಲಲ್ಲ, ಗಾರೆಯವರು ಗೋಡೆ ಮುಟ್ಟುವ ಮೊದಲು.