ಬಂಧನದ ಮಾಹಿತಿ ಹಾಗೂ ಕ್ರಿಮಿನಲ್ ಪ್ರಕರಣಗಳ ದಾಖಲೆ ಖಾನಾಪುರದಲ್ಲೇ ಸಿಗುವಂತೆ ಮಾಡಲು ಕೋರಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ,
ಹಾಗೂ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು, ಬೆಳಗಾವಿ

ಇವರಿಂದ,
ಖಾನಾಪುರ ತಾಲ್ಲೂಕಿನ ನಿವಾಸಿಗಳು ಹಾಗೂ ಬೆಳಗಾವಿ ನಗರದಲ್ಲಿ ನೆಲೆಸಿರುವ ಅವರ ಬಂಧುಗಳು

ವಿಷಯ: ಬಂಧಿತರ ವಿವರ, ಎಫ್‌ಐಆರ್ ಮತ್ತು ಕ್ರಿಮಿನಲ್ ಪ್ರಕರಣಗಳ ಸ್ಥಿತಿಗತಿಯನ್ನು ತಾಲ್ಲೂಕು ಮಟ್ಟದಲ್ಲಿ ಒಂದೇ ಕಡೆ ಒದಗಿಸುವ ಬಗ್ಗೆ.

ಮಾನ್ಯರೇ,

ಖಾನಾಪುರ ತಾಲ್ಲೂಕಿನಲ್ಲಿ ಯಾರನ್ನಾದರೂ ಬಂಧಿಸಿದರೆ, ಅವರನ್ನು ಎಲ್ಲಿಟ್ಟಿದ್ದಾರೆ, ಯಾವ ಕಲಮಿನಡಿ ಹಿಡಿದಿದ್ದಾರೆ, ಯಾವ ನ್ಯಾಯಾಲಯಕ್ಕೆ ಎಂದು ಹಾಜರುಪಡಿಸುತ್ತಾರೆ ಎಂಬುದನ್ನು ತಿಳಿಯಲು ಮನೆಯವರು ಊರೂರು ಅಲೆಯಬೇಕಾಗಿದೆ. ಇದನ್ನು ತಮ್ಮ ಗಮನಕ್ಕೆ ತರಲು ಈ ಮನವಿ ಸಲ್ಲಿಸುತ್ತಿದ್ದೇವೆ. ನಾವು ಹೊಸ ಕಾನೂನು ಕೇಳುತ್ತಿಲ್ಲ. ಇರುವ ಕಾನೂನು ಕಣಕುಂಬಿಯ ಘಟ್ಟದವರೆಗೆ, ಭೀಮಗಡ ಅಭಯಾರಣ್ಯದೊಳಗಿನ ಊರುಗಳವರೆಗೆ ಬಂದು ಮುಟ್ಟಲಿ ಎಂದು ಕೇಳುತ್ತಿದ್ದೇವೆ.

ನಮ್ಮ ತಾಲ್ಲೂಕಿನ ಸ್ವರೂಪ ತಮಗೆ ತಿಳಿದದ್ದೇ. ಅರ್ಧ ಭಾಗ ಕಾಡು, ಮಳೆಗಾಲದಲ್ಲಿ ಹಳ್ಳ ದಾಟಲಾಗದ ಊರುಗಳು, ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಾದ ಜಾಗಗಳು. ಇಂಥಲ್ಲಿ ಬಂಧಿಸುವ ಅಧಿಕಾರ ಇರುವುದು ಪೊಲೀಸರಿಗೆ ಮಾತ್ರವಲ್ಲ. ಕಾಡಿನಲ್ಲಿ ಅರಣ್ಯ ಇಲಾಖೆಯವರು ಅರಣ್ಯ ಮೊಕದ್ದಮೆ ದಾಖಲಿಸಿ ಹಿಡಿಯುತ್ತಾರೆ. ಗೋವಾ ಗಡಿಯ ರಸ್ತೆಗಳಲ್ಲಿ ಅಬಕಾರಿಯವರು ಹಿಡಿಯುತ್ತಾರೆ. ಲೋಂಡಾ ಜಂಕ್ಷನ್ ಇರುವುದರಿಂದ ರೈಲ್ವೆ ಪೊಲೀಸರೂ ಇದ್ದಾರೆ. ಪ್ರತಿಯೊಂದಕ್ಕೂ ಬೇರೆ ರಿಜಿಸ್ಟರ್, ಬೇರೆ ಮೇಲಧಿಕಾರಿ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಠಾಣೆಯ ಹೆಸರು ಹಾಕಿ ಎಫ್‌ಐಆರ್ ಹುಡುಕಿದರೆ ಅರಣ್ಯದ, ಅಬಕಾರಿಯ ಪ್ರಕರಣ ಅಲ್ಲಿ ಸಿಗುವುದಿಲ್ಲ. ಖಾನಾಪುರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಗೆ ಬರುತ್ತದೆ, ಬೆಳಗಾವಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ. ನಮ್ಮ ಊರಿನ ಹುಡುಗನೊಬ್ಬ ಕೆಲಸಕ್ಕೆಂದು ಬೆಳಗಾವಿಗೆ ಹೋಗಿ ಅಲ್ಲಿ ಸಿಕ್ಕಿಬಿದ್ದರೆ ತಾಲ್ಲೂಕಿನ ಠಾಣೆಗೆ ಅದರ ಸುಳಿವೂ ಇರುವುದಿಲ್ಲ.

ನಡೆಯುವುದು ಹೀಗೆ. ತಾಯಿ ಮೊದಲು ಹತ್ತಿರದ ಠಾಣೆಗೆ ಬರುತ್ತಾಳೆ. ನಮ್ಮಲ್ಲಿ ಇಲ್ಲ ಎನ್ನುತ್ತಾರೆ. ಅಲ್ಲಿಂದ ಅರಣ್ಯ ಇಲಾಖೆಯ ವಲಯ ಕಚೇರಿ, ಅಲ್ಲಿಂದ ಬಸ್ಸು ಹಿಡಿದು ಬೆಳಗಾವಿ. ಸಂಜೆ ಹೊತ್ತಿಗೆ ಯಾರೋ ಪುಣ್ಯಾತ್ಮರು ಒಂದು ಚೀಟಿಯಲ್ಲಿ ನಂಬರು ಬರೆದುಕೊಡುತ್ತಾರೆ. ಆ ಚೀಟಿ ಸೆರಗಿನ ತುದಿಯ ಗಂಟಿನಲ್ಲಿ ಬೆವರಿಗೆ ನೆನೆದು, ವಕೀಲರ ಮೇಜಿಗೆ ಬರುವಷ್ಟರಲ್ಲಿ ಆರೋ ಎಂಟೋ ಗುರುತು ಸಿಗದಂತಾಗಿರುತ್ತದೆ. ಅದು ಠಾಣೆಯ ಅಪರಾಧ ಸಂಖ್ಯೆಯೋ ನ್ಯಾಯಾಲಯದ ಸಂಖ್ಯೆಯೋ ಎಂಬುದು ಬರೆದುಕೊಟ್ಟವರಿಗೂ ಖಾತ್ರಿ ಇರುವುದಿಲ್ಲ. ಅಷ್ಟು ಹೊತ್ತಿಗೆ ಮಗ ಹಿಂಡಲಗಾ ಜೈಲಿನಲ್ಲಿರುತ್ತಾನೆ.

ಹೀಗಾಗಬಾರದೆಂದೇ ಸರ್ವೋಚ್ಚ ನ್ಯಾಯಾಲಯ ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಬಂಧನದ ಮೆಮೊ, ಅದಕ್ಕೆ ಸಾಕ್ಷಿಯ ಸಹಿ, ಬಂಧುಗಳಿಗೆ ತಿಳಿವಳಿಕೆ, ನಿಯಂತ್ರಣ ಕೊಠಡಿಯ ಫಲಕ ಇವನ್ನೆಲ್ಲ ಕಡ್ಡಾಯ ಮಾಡಿತು. ಈ ನಿಯಮಗಳು ಪೊಲೀಸರಿಗಷ್ಟೇ ಅಲ್ಲ, ಬಂಧಿಸುವ ಅಧಿಕಾರವುಳ್ಳ ಇತರ ಸರ್ಕಾರಿ ಸಂಸ್ಥೆಗಳಿಗೂ ಅಷ್ಟೇ ಬಲವಾಗಿ ಅನ್ವಯಿಸುತ್ತವೆ ಎಂದು ಅದೇ ತೀರ್ಪು ಹೇಳಿದೆ. ಅರಣ್ಯ ಮತ್ತು ಅಬಕಾರಿ ಇಲಾಖೆಗಳ ವಿಷಯದಲ್ಲಿ ಈ ಮಾತನ್ನು ಯಾರೂ ನೆನೆಯುವುದಿಲ್ಲ. ಮುಂದೆ ಇದೇ ಉದ್ದೇಶಕ್ಕೆ ದಂಡ ಪ್ರಕ್ರಿಯಾ ಸಂಹಿತೆಗೆ 41ಸಿ ಕಲಮು ಸೇರಿತು. ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಸಹಾಯಕ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ಇಟ್ಟುಕೊಂಡಿರಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. 48ನೇ ಕಲಮು ಬಂಧುಗಳಿಗೂ ಆ ಅಧಿಕಾರಿಗೂ ಬಂಧನದ ವಿಷಯ ತಿಳಿಸಬೇಕೆನ್ನುತ್ತದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ತಾಲ್ಲೂಕಿನ ಪ್ರತಿ ಠಾಣೆಯಲ್ಲಿ ಆ ಅಧಿಕಾರಿಯ ಹೆಸರು ಮತ್ತು ದೂರವಾಣಿ ಸಂಖ್ಯೆ ಬಾಗಿಲಲ್ಲೇ ಕಾಣಬೇಕು. ಫಲಕವನ್ನು ದಿನಕ್ಕೆರಡು ಸಲ ಬರೆಯಬೇಕು. ಅರಣ್ಯ, ಅಬಕಾರಿ ಮತ್ತು ರೈಲ್ವೆ ಪೊಲೀಸರು ತಾಲ್ಲೂಕಿನ ಗಡಿಯೊಳಗೆ ಮಾಡಿದ ಬಂಧನದ ವಿವರವನ್ನೂ ಅದೇ ದಿನ ಆ ಅಧಿಕಾರಿಗೆ ತಲುಪಿಸಿ ಅದೇ ಫಲಕದಲ್ಲಿ ಸೇರಿಸಬೇಕು. ಅದರ ಒಂದು ಪ್ರತಿ ಖಾನಾಪುರದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಬೇಕು. ಬಂಧನದ ಮೊದಲ ಗಳಿಗೆಯಿಂದಲೇ ವಕೀಲರ ನೆರವು ಸಿಗಬೇಕೆಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2019ರಲ್ಲೇ ಕಾರ್ಯವಿಧಾನ ರೂಪಿಸಿದೆ. ಬಂಧನವಾಗಿದೆ ಎಂಬುದೇ ಗೊತ್ತಿಲ್ಲದಿದ್ದರೆ ಸಮಿತಿಯ ವಕೀಲರು ಯಾರ ಬಳಿ ಹೋಗಬೇಕು?

ಎರಡನೆಯದು ಸಂಖ್ಯೆಗಳ ಗೋಜಲು. ನಮ್ಮ ಜನ ಹೆಚ್ಚು ನರಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಠಾಣೆಯಲ್ಲಿ ಪ್ರಕರಣಕ್ಕೆ ಅಪರಾಧ ಸಂಖ್ಯೆ ಬೀಳುತ್ತದೆ. ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ಮೇಲೆ ಖಾನಾಪುರದ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಸಿಸಿ ಸಂಖ್ಯೆ. ಕೊಲೆ, ದರೋಡೆಯಂಥ ಘೋರ ಅಪರಾಧವಾದರೆ ಕಡತ ಬೆಳಗಾವಿಯ ಸತ್ರ ನ್ಯಾಯಾಲಯಕ್ಕೆ ಕಮಿಟ್ ಆಗಿ ಎಸ್‌ಸಿ ಸಂಖ್ಯೆ. ನಡುವೆ ಜಾಮೀನು ಅರ್ಜಿಗೆ ಬೇರೆಯದೇ ಸಂಖ್ಯೆ. ಮೇಲ್ಮನವಿ ಹೋದರೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠದಲ್ಲಿ ಮತ್ತೊಂದು. ಇ-ಕೋರ್ಟ್ಸ್ ಸೇವೆ ಬಂದದ್ದು ನಿಜಕ್ಕೂ ದೊಡ್ಡ ಉಪಕಾರ. ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೈಯಲ್ಲಿದ್ದರೆ ಮನೆಯಿಂದಲೇ ಮುಂದಿನ ತಾರೀಖು ನೋಡಬಹುದು. ಆದರೆ ಕಮಿಟ್ ಆದಾಗ ಹಳೆಯ ಸಿಎನ್‌ಆರ್ ಅಲ್ಲಿಗೇ ಮುಗಿಯುತ್ತದೆ. ಖಾನಾಪುರದ ಪ್ರಕರಣ ವಿಲೇವಾರಿಯಾಗಿದೆ ಎಂದು ಪರದೆ ತೋರಿಸುತ್ತದೆ, ಕೇಸು ಮುಗಿಯಿತೆಂದು ಮನೆಯವರು ಸಮಾಧಾನಪಡುತ್ತಾರೆ, ಅತ್ತ ಬೆಳಗಾವಿಯಲ್ಲಿ ಗೈರುಹಾಜರಿಗೆ ವಾರಂಟು ಹೊರಡುತ್ತದೆ. ಹೆಸರಿನಿಂದ ಹುಡುಕೋಣವೆಂದರೆ ಗಾವಡೆ, ಗಾವಡಾ, ನಾಯಕ, ನಾಯ್ಕ ಎಂದು ಒಂದೇ ಮನೆತನದ ಹೆಸರನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿರುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೊದಲ ರಿಮಾಂಡಿನ ದಿನವೇ ಅಪರಾಧ ಸಂಖ್ಯೆ, ನ್ಯಾಯಾಲಯ, ಮುಂದಿನ ತಾರೀಖು ಇರುವ ಮುದ್ರಿತ ಚೀಟಿಯನ್ನು ಬಂಧಿತರ ಮನೆಯವರಿಗೂ, ದೂರುದಾರರಿಗೂ ಕೊಡಿಸಬೇಕು. ಸಂಖ್ಯೆ ಬದಲಾದಾಗಲೆಲ್ಲ ಹಳೆಯದರ ಪಕ್ಕದಲ್ಲೇ ಹೊಸದನ್ನು ಬರೆದುಕೊಡಬೇಕು. ಖಾನಾಪುರ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿಯ ಒಂದು ಕಿಟಕಿ ತೆರೆದು, ಠಾಣೆಯ ಹೆಸರು ಮತ್ತು ಎಫ್‌ಐಆರ್ ಸಂಖ್ಯೆ ಹೇಳಿದವರಿಗೆ ಇ-ಕೋರ್ಟ್ಸ್‌ನಲ್ಲಿ ಹುಡುಕಿ ಕಾಗದದಲ್ಲಿ ಮುದ್ರಿಸಿಕೊಡುವ ವ್ಯವಸ್ಥೆಯಾಗಬೇಕು. ಜಾಂಬೋಟಿ, ಬೀಡಿ, ನಂದಗಡಗಳಲ್ಲಿ ಸಂತೆಯ ದಿನ ಅರೆಕಾಲಿಕ ಕಾನೂನು ಸ್ವಯಂಸೇವಕರು ಇದೇ ಕೆಲಸ ಮಾಡಬಲ್ಲರು.

ತಾರೀಖಿಗೆ ಇಷ್ಟು ಮಹತ್ವ ಏಕೆಂಬುದು ತಮಗೆ ಹೇಳಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನ ಪ್ರಕಾರ ಅರವತ್ತು ಅಥವಾ ತೊಂಬತ್ತು ದಿನದೊಳಗೆ ದೋಷಾರೋಪಣ ಪಟ್ಟಿ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಆ ಹಕ್ಕನ್ನು ಪಟ್ಟಿ ಸಲ್ಲಿಕೆಯಾಗುವ ಮೊದಲೇ ಕೇಳಬೇಕು. ಮೊದಲ ರಿಮಾಂಡಿನ ದಿನವೇ ಗೊತ್ತಿಲ್ಲದವರು ಎಣಿಕೆಯನ್ನು ಎಲ್ಲಿಂದ ಆರಂಭಿಸಬೇಕು? ಬಡವರು ಇದರಿಂದಲೇ ತಿಂಗಳುಗಟ್ಟಲೆ ಒಳಗೆ ಉಳಿಯುತ್ತಾರೆ. ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಗೂ ತಾವೇ ಅಧ್ಯಕ್ಷರು. ಖಾನಾಪುರ ತಾಲ್ಲೂಕಿನ ಬಂಧಿತರ ಈ ಎಣಿಕೆಯನ್ನು ಅಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಬೇಕೆಂದು ಕೋರುತ್ತೇವೆ.

ಎಫ್‌ಐಆರ್ ವಿಷಯದಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದ 2016ರ ಸೆಪ್ಟೆಂಬರ್ 7ರ ಆದೇಶ ಸ್ಪಷ್ಟವಾಗಿದೆ: 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕು, ಸಂಪರ್ಕದ ತೊಂದರೆಯಿರುವ ಪ್ರದೇಶದಲ್ಲೂ 72 ಗಂಟೆ ಮೀರಬಾರದು. ಏರಿಸಿದ ದಿನ ಮತ್ತು ಸಮಯ ಕಾಣುವಂತಿರಲಿ. ಸೂಕ್ಷ್ಮ ಪ್ರಕರಣವೆಂದು ತಡೆಹಿಡಿದಿದ್ದರೆ, ಪ್ರತಿ ಪಡೆಯಲು ಯಾರನ್ನು ಕಾಣಬೇಕೆಂಬುದನ್ನು ಮನೆಯವರಿಗೆ ಹೇಳಲಿ. ನ್ಯಾಯಾಲಯದ ದಾಖಲೆಗಳ ದೃಢೀಕೃತ ನಕಲುಗಳನ್ನು ಮಾಹಿತಿ ಹಕ್ಕಿನಡಿ ಅಲ್ಲ, ನ್ಯಾಯಾಲಯದ ನಿಯಮದಂತೆಯೇ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿರುವುದರಿಂದ ಆ ಅರ್ಜಿಯ ನಮೂನೆ, ಶುಲ್ಕ ಮತ್ತು ಸಿಗುವ ದಿನವನ್ನು ನಕಲು ಶಾಖೆಯ ಮುಂದೆ ಕನ್ನಡದಲ್ಲಿ ಹಾಕಿಸಬೇಕು.

ಭಾಷೆಯ ಬಗ್ಗೆ ಒಂದು ಮಾತು. ಈ ತಾಲ್ಲೂಕಿನ ಕಾಡಂಚಿನ ಬಹುಪಾಲು ಮನೆಗಳಲ್ಲಿ ಮರಾಠಿ, ಕೊಂಕಣಿ ಆಡುತ್ತಾರೆ. ಅವರು ನಮ್ಮವರೇ. ದಾಖಲೆ ಆಡಳಿತ ಭಾಷೆಯಾದ ಕನ್ನಡದಲ್ಲಿರಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ತೀರ್ಪಾಗಿದೆ. ಕನ್ನಡದ ಮೆಮೊ ಜೊತೆಗೆ ಮರಾಠಿಯ ಒಂದು ಹಾಳೆ ಕೊಡುವುದರಿಂದ ಕನ್ನಡಕ್ಕೆ ಯಾವ ಕುಂದೂ ಇಲ್ಲ.

ಕೊನೆಯದಾಗಿ, ಮುಗಿದ ಪ್ರಕರಣಗಳು. ಖುಲಾಸೆಯಾದವರ ಎಫ್‌ಐಆರ್ ಜಾಲತಾಣದಲ್ಲಿ ಹಾಗೇ ಉಳಿಯುತ್ತದೆ, ಖುಲಾಸೆಯ ಸುದ್ದಿ ಮಾತ್ರ ಠಾಣೆಯ ಪುಸ್ತಕಕ್ಕೆ ಏರುವುದಿಲ್ಲ. ಸೈನ್ಯಕ್ಕೆ ಸೇರಬೇಕೆಂದು ಬೆಳಗಾವಿಯ ಭರ್ತಿಗೆ ಓಡುವ, ಗೋವಾದಲ್ಲಿ ಕೆಲಸ ಹುಡುಕುವ ನಮ್ಮ ಹುಡುಗರ ನಡತೆ ಪರಿಶೀಲನೆಯಲ್ಲಿ ‘ಪ್ರಕರಣ ಬಾಕಿ’ ಎಂದು ವರದಿ ಹೋಗುತ್ತದೆ. ಗೋವಾಕ್ಕೆ ದುಡಿಯಲು ಹೋದವರು ಸಮನ್ಸ್ ಕಾಣದೆ ಎಲ್‌ಪಿಸಿ (ದೀರ್ಘಕಾಲ ಬಾಕಿ ಉಳಿದ ಪ್ರಕರಣ) ಪಟ್ಟಿಗೆ ಸೇರಿ, ಹಬ್ಬಕ್ಕೆ ಬಂದಾಗ ಬಂಧನಕ್ಕೊಳಗಾಗುವುದೂ ಉಂಟು. ತೀರ್ಪಾದ ತಿಂಗಳೊಳಗೆ ಫಲಿತಾಂಶವನ್ನು ಠಾಣೆಯ ದಾಖಲೆಯಲ್ಲೂ ಎಫ್‌ಐಆರ್ ಪುಟದಲ್ಲೂ ನಮೂದಿಸಲು ಆದೇಶ ಮಾಡಿಸಬೇಕು. ಎಲ್‌ಪಿಸಿ ಪಟ್ಟಿಯನ್ನು ಕಾನೂನು ಸೇವೆಗಳ ಸಮಿತಿಗೆ ಕೊಟ್ಟು, ಸ್ವತಃ ಹಾಜರಾಗಬಯಸುವವರಿಗೆ ಉಚಿತ ವಕೀಲರನ್ನು ಒದಗಿಸಬೇಕು.

ನಾವು ಕೇಳುತ್ತಿರುವುದು ಊರಿನ ಹರಟೆಗೆ ಸರಕಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು, ಪೋಕ್ಸೊ ಪ್ರಕರಣಗಳು, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳ ಹೆಸರು ಎಲ್ಲೂ ಹೊರಬರಬಾರದು. ಬಿಡುಗಡೆಯಾದವರ ಹೆಸರನ್ನು ಫಲಕದಿಂದ ಅಂದೇ ತೆಗೆಯಬೇಕು. ಫಲಕದ ಫೋಟೊ ವಾಟ್ಸಾಪ್‌ನಲ್ಲಿ ಹರಿದಾಡಿ ಆರೋಪಿಯೇ ಅಪರಾಧಿಯೆಂದು ಊರು ತೀರ್ಮಾನಿಸಿಬಿಡುವ ಅಪಾಯವನ್ನೂ ಬಲ್ಲೆವು. ಹಾಗಾಗಿ ಫಲಕದ ಮೇಲೇ ‘ಇವರು ಆರೋಪಿಗಳು, ಅಪರಾಧ ಸಾಬೀತಾಗಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಸಬೇಕು.

ಈ ಮನವಿಯನ್ನು ಪ್ರಾಧಿಕಾರದ ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿ, ಪೊಲೀಸ್, ಅರಣ್ಯ, ಅಬಕಾರಿ ಮತ್ತು ರೈಲ್ವೆ ಪೊಲೀಸ್ ಅಧಿಕಾರಿಗಳನ್ನು ಒಟ್ಟಿಗೆ ಕರೆಸಿ ಚರ್ಚಿಸಬೇಕೆಂದೂ, ಒಪ್ಪಿದ ಮತ್ತು ಒಪ್ಪದ ಬೇಡಿಕೆಗಳೆರಡಕ್ಕೂ ಲಿಖಿತ ಉತ್ತರ ಕೊಡಬೇಕೆಂದೂ ವಿನಂತಿಸುತ್ತೇವೆ. ಸಭೆಗೆ ಕರೆದರೆ ನಮ್ಮ ಪ್ರತಿನಿಧಿಗಳು ಬಂದು ವಿವರ ನೀಡಲು ಸಿದ್ಧರಿದ್ದಾರೆ.

ಸ್ಥಳ: ಬೆಳಗಾವಿ

ತಮ್ಮ ವಿಶ್ವಾಸಿಗಳು,
ಖಾನಾಪುರ ತಾಲ್ಲೂಕಿನ ನಿವಾಸಿಗಳು ಮತ್ತು ಬಂಧುಗಳು
(ಸಹಿಗಳ ಪುಟ ಲಗತ್ತಿಸಿದೆ)

ಪ್ರತಿ: ಜಿಲ್ಲಾಧಿಕಾರಿಗಳು, ಬೆಳಗಾವಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಬೆಳಗಾವಿ, ಪೊಲೀಸ್ ಆಯುಕ್ತರು, ಬೆಳಗಾವಿ ನಗರ, ಅಧ್ಯಕ್ಷರು, ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಖಾನಾಪುರ